ಎಡಮಗ್ಗಲ ಸಂದಿ

ಬೆಟಗೇರಿ ಬಸ್‌ಸ್ಟ್ಯಾಂಡಿನ ಹಿಂದ, ಹಿಟ್ಟಿನ ಗಿರಣಿ ಮ್ಯಾಲ
ನನ್ನ ಸ್ಟುಡಿಯೋ. ಗಿರಣಿ ತಿರುಗಿದರ ಟೇಬಲ್ ನಡಗತೈತಿ,
ಪರದೆ ಮ್ಯಾಲಿನ ಮದುಮಗಳೂ ಒಂಚೂರು ನಡಗತಾಳ.

ಹದಿನಾರು ವರ್ಷದ ಲ್ಯಾಪ್‌ಟಾಪು.
ಎಡಮಗ್ಗಲಕ್ಕ ಒಂದು ಸಂದಿ, ಎಕ್ಸ್‌ಪ್ರೆಸ್ ಕಾರ್ಡಿಂದು.
ಅದರಾಗ ಕಾರ್ಡು, ಕಾರ್ಡಿಗೆ ಫೈರ್‌ವೈರಿನ ಬಾಯಿ,
ಬಾಯಿಗೆ ವೈರು, ವೈರಿನ ತುದಿಗೆ ಹಳೇ ಕ್ಯಾಮೆರಾ,
ಒಬ್ಬರ ಸೆರಗ ಒಬ್ಬರು ಹಿಡಕೊಂಡು ಸಂತ್ಯಾಗ ನಡದಂಗ.
ಕಾರ್ಡು ಸಡಲ. ಅಲಗಾಡಿದರ ಚಿತ್ರ ಕಡೀತೈತಿ.
ಅದಕ್ಕ ಯಾರದೋ ಲಗ್ನಪತ್ರಿಕಿ ತುದಿ ಹರದು
ನಾಕು ಮಡಿಕಿ ಮಾಡಿ ಸಂದ್ಯಾಗ ತುರುಕೀನಿ.
‘ಸುಖಾಗಮನ ಬಯಸು’ ತನಕ ಹೊರಗ ಕಾಣತೈತಿ.

ಅಳಿಯ ವೀರೇಶ ನಗತಾನ. ಅವನ ಹೊಸಾ ಮಷೀನು
ತಾಟಿನಂಗ ತೆಳ್ಳಗ, ಎರಡ ತೂತು.
ಅಕ್ಕಿಕಾಳು ಬಿದ್ದು ಊಟಕ್ಕ ಕುಂಡ್ರೂದ್ರಾಗ ಅವನ ಟ್ರೇಲರ್ ತಯಾರ.
“ಈಗ ತೂತು ಕಡಿಮಿ ಆದಷ್ಟೂ ರೇಟು ಜಾಸ್ತಿ ಮಾಮಾ,
ನಿಂದು ಜರಡಿ. ಗುಜರಿಗೆ ಹಾಕು.”
ಅವ ಹೇಳೂದು ಖರೆ.
ಫೋರ್‌ಕೆ ಫೈಲು ಹಾಕಿದರ ನಂದು
ದಿಬ್ಬ ಹತ್ತೂ ಎಮ್ಮಿಯಂಗ ಉಸರು ಬಿಡತೈತಿ.
ಕ್ಯಾಸೆಟ್ ತರೋರು ವರ್ಷಕ್ಕ ಮೂರ ಮಂದಿ, ನಾಕ ಮಂದಿ.
ಕರೆಂಟ್ ಬಿಲ್ಲಿಗೂ ಸಾಲೂದಿಲ್ಲ.

ಮನಿ ಗ್ವಾಡ್ಯಾಗ ಒಂದು ಮಾಡ ಐತಿ, ದೀಪ ಇಡೂದು.
ಲೈಟು ಬಂದು ಐವತ್ತು ವರ್ಷ ಆತು.
ಈಗ ಅಲ್ಲಿ ಬಾಚಣಿಕಿ, ಕೀಲಿಕೈ, ಔಷಧದ ಚೀಟಿ.
ಪೇಂಟ್ ಹಚ್ಚೂವಾಗ ಹೆಂಡತಿ “ಮುಚ್ಚಸ್ತೇನಿ” ಅಂದಳು,
ಮತ್ತ ಮುಚ್ಚಸಲಿಲ್ಲ. ಯಾಕ ಅಂತ ನಾ ಕೇಳಲಿಲ್ಲ.

ಹ್ವಾದ ಬುಧವಾರ ಅಕ್ಕ-ತಂಗಿ ಬಂದರು, ಬ್ಯಾರೆ ಬ್ಯಾರೆ ಆಟೋದಾಗ.
ಸುಮಿತ್ರವ್ವ, ದ್ರಾಕ್ಷಾಯಣಿ. ಮಗ್ಗದ ಮನಿಯವರು.
ಎರಡು ಸಾವಿರದ ಆರರಾಗ ತಂಗಿ ಲಗ್ನ, ನಾನ ತಗದಿದ್ದೆ.
ಜಗಳ ಏನಂದರ, ಅವ್ವನ ಬೋರಮಾಳ
ಆಯಾರದಾಗ ತಂಗಿಗೆ ಕೊಟ್ಟದ್ದೋ, ಬರೇ ಆ ದಿನಕ್ಕ ಹಾಕಿದ್ದೋ.
“ವಿಡಿಯೋದಾಗ ಐತಲ್ಲ ಫಕ್ಕೀರಣ್ಣ, ಹಚ್ಚು.”
ಸಿಡಿ ಎಂದೋ ಬೂಸರ ಹಿಡದಿತ್ತು. ಕ್ಯಾಸೆಟ್ ಉಳದಿತ್ತು
ಅಕ್ಕನ ಟ್ರಂಕಿನ್ಯಾಗ, ಸೀರಿ ಮಡಿಕ್ಯಾಗ.

ಮೊದಲು ವೀರೇಶನ ಕಡೆ ಹೋಗಿದ್ದರಂತ.
ಅವ ಹೊಳ್ಳಿಸಿ ಮಳ್ಳಿಸಿ ನೋಡಿ
“ಮಾಮಾನ ಕಡೆ ಹೋಗ್ರಿ” ಅಂದನಂತ.
ಅಷ್ಟು ಸಾಕಾತು ನನಗ, ಅವತ್ತಿನ ಚಾದ ಜೋಡಿ.

ಕ್ಯಾಸೆಟ್ ಅಂದರ ಫೈಲಲ್ಲ, ಅವಸರ ಮಾಡಿದರ ಕೇಳೂದಿಲ್ಲ.
ಒಂದು ತಾಸಿನ ಲಗ್ನ ಕಂಪ್ಯೂಟರಿನೊಳಗ ಬರಾಕ ಒಂದು ತಾಸ.
ಕುಂತರು ಇಬ್ಬರೂ, ನಡುವ ಒಂದು ಕುರ್ಚಿ ಖಾಲಿ ಬಿಟ್ಟು.
ಅರಿಶಿಣ. ಸುರಗಿ. ಬೀಗರ ಬಾಜಾ.
“ಅಯ್ಯ, ಕಾಕಾನ ಮೀಸಿ ನೋಡ!” ಅಕ್ಕ ನಕ್ಕಳು. ತಂಗಿ ನಗಲಿಲ್ಲ.
ಕೆಳಗ ಗಿರಣಿ ಸುರು ಆತು.
ಕಾರ್ಡಿನ ಮ್ಯಾಲ ಹೆಬ್ಬೆಟ್ಟು ಒತ್ತಿ ಹಿಡದೆ,
ಕೂಸಿನ ನೆತ್ತಿಗೆ ಎಣ್ಣಿ ಒತ್ತಿದಂಗ, ಹಗೂರಕ.

ಆಯಾರ ಬಂತು. ತಾಟು, ಕುಬುಸದ ಕಣ,
ಹೆಸರು ಬರಕೊಳ್ಳೂ ಹುಡುಗನ ಸೋರೂ ಪೆನ್ನು.
ಅವ್ವ ಎದ್ದಳು. ಕೊರಳಿಗೆ ಕೈ ಹಾಕಿದಳು.

ನೀಲಿ.

ಪರದೆ ತುಂಬ ನೀಲಿ, ಹನ್ನೊಂದು ಸೆಕೆಂಡು.
ಆಮ್ಯಾಲ ಎಲ್ಲಾರೂ ಪಂಕ್ತಿಗೆ ಕುಂತಿದ್ದರು.

ಹಿಂದಕ ತಿರುಗಿಸಿದೆ. ನೀಲಿ. ಮತ್ತ ತಿರುಗಿಸಿದೆ.
ನಾ ಅವತ್ತು ಬ್ಯಾಟರಿ ಬದಲಸಾಕತ್ತಿದ್ದೆ,
ತಲಿ ಎತ್ತಿ ಸೈತ ನೋಡಿರಲಿಲ್ಲ.
ಹಂಗಂತ ಹೇಳಿದೆ. ಇಬ್ಬರೂ ನನ್ನ ಮಾರಿ ನೋಡಿದರು,
ಬೋರಮಾಳ ನಾನ ಕದ್ದವನಂಗ.

“ಪಂಕ್ತೀದು ಹಚ್ಚು,” ಅಂದಳು ತಂಗಿ, ಭಾಳ ಹೊತ್ತಿನ ಮ್ಯಾಲ.
ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಫೋನಿಗೆ ಹಾಕಿಸಾಕ
ವೀರೇಶನ ಕಡೆ ಹ್ವಾದರು. ಅವನ ಮಷೀನಿಗೆ ಅದೂ ಹೊಂದಲಿಲ್ಲಂತ,
ಡಾಂಗಲ್ ಕೇಳಾಕ ಹುಡುಗನ್ನ ನನ್ನ ಕಡೇನ ಕಳಿಸಿದ್ದ.

ಒಂದ ಆಟೋ ಹತ್ತಿದರೋ, ಎರಡೋ ಗೊತ್ತಿಲ್ಲ.
ಕಿಟಕಿಗೆ ಹೋಗಿ ನೋಡಲಿಲ್ಲ ನಾನು.
ಎರಡನೇ ಕ್ಯಾಸೆಟ್ ಓಡತಿತ್ತು, ಗಿರಣಿಯೂ ಓಡತಿತ್ತು,
ಬೆರಳು ಕಾರ್ಡಿನ ಮ್ಯಾಲಿತ್ತು.